ಗಿಡಕ್ಕೆ ಮಾಫಿ, ವಲಸಿಗನಿಗೆ ಇಲ್ಲ

ಡೆನ್ವರ್‌ನಲ್ಲಿ ನನ್ನ ಮನೆಯಿಂದ ಇಂಡಿಯನ್ ಸ್ಟೋರ್‌ಗೆ ಹೋಗುವ ಹತ್ತು ನಿಮಿಷದ ದಾರಿಯಲ್ಲಿ ನಾಲ್ಕು ಗಾಂಜಾ ಅಂಗಡಿಗಳು ಸಿಗುತ್ತವೆ. ಕದ್ದುಮುಚ್ಚಿ ನಡೆಸುವಂಥವಲ್ಲ ಮತ್ತೆ. ಹಸಿರು ಪ್ಲಸ್ ಗುರುತಿನ ಬೋರ್ಡು, ಮುಂದೆ ಪಾರ್ಕಿಂಗ್, ದೀಪಾವಳಿ ಸೇಲ್ ಥರ ಡಿಸ್ಕೌಂಟು, ಎಲ್ಲಾ ಇದೆ. 21 ವರ್ಷ ತುಂಬಿರಬೇಕು, ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು, ಅಷ್ಟೇ. ಕೊಲರಾಡೋದ ಜನ 2012ರ ನವೆಂಬರ್‌ನಲ್ಲಿ ಮತ ಹಾಕಿ ಇದನ್ನು ಕಾನೂನುಬದ್ಧ ಮಾಡಿಕೊಂಡರು. 2014ರ ಜನವರಿ 1ರಿಂದ ಅಂಗಡಿಗಳು ತೆರೆದವು. ಇದರಿಂದ ಬರುವ ತೆರಿಗೆಯ ಒಂದು ಪಾಲಿನಲ್ಲಿ ಶಾಲಾ ಕಟ್ಟಡಗಳನ್ನೂ ಕಟ್ಟುತ್ತಾರೆ. ಆಮೇಲೆ ಒಂದೊಂದೇ ರಾಜ್ಯ ಇದೇ ಹಾದಿ ಹಿಡಿದು, 2023ರ ನವೆಂಬರ್‌ನಲ್ಲಿ ಒಹಾಯೋ ಸೇರಿಕೊಂಡಾಗ ಲೆಕ್ಕ 24ಕ್ಕೆ ಬಂತು.

ಮೊದಲೇ ಹೇಳಿಬಿಡ್ತೀನಿ, ನಾನು ಗಾಂಜಾ ಪರವಾಗಿ ವಕಾಲತ್ತು ವಹಿಸೋಕೆ ಕೂತಿಲ್ಲ. ನನಗೆ ಫಿಲ್ಟರ್ ಕಾಫಿಯ ನಶೆಯೇ ಜಾಸ್ತಿಯಾಗಿ ರಾತ್ರಿ ನಿದ್ದೆ ಬರಲ್ಲ. ಹದಿನೈದು ಹದಿನಾರರ ಹುಡುಗರ ಕೈಗೆ ಇದು ಸಿಗಬಾರದು ಅನ್ನೋರ ಜೊತೆ ನನ್ನದೇನೂ ತಕರಾರಿಲ್ಲ. ನಾನು ಹೇಳಹೊರಟಿರೋದು ಬೇರೆ.

ಇಲ್ಲಿನ ಟೀವಿ ಚರ್ಚೆಗಳನ್ನು ನೋಡಿದರೆ ವಲಸೆ ಒಂದು ವಿಷಯ, ಗಡಿ ಭದ್ರತೆ ಇನ್ನೊಂದು, ಗಾಂಜಾ ಮತ್ತೊಂದು ಅನ್ನಿಸುತ್ತೆ. ವಲಸೆ ಬಂದಾಗ ಕೂಗಾಟ. ಗಡಿ ಬಂದಾಗ ಇನ್ನೂ ಜೋರು ಕೂಗಾಟ. ಗಾಂಜಾ ಬಂದಾಗ ಮಾತ್ರ ಎರಡೂ ಪಕ್ಷದವರು ಮುಸಿಮುಸಿ ನಗುತ್ತಾ, ಕಾಲೇಜು ದಿನಗಳನ್ನು ನೆನೆಯುತ್ತಾ, 'ಕಾಲ ಬದಲಾಗಿದೆ ಬಿಡಿ' ಅಂತಾರೆ. ನನ್ನಂಥ ಎಚ್1ಬಿ ಗಿರಾಕಿಗೆ ಮಾತ್ರ ಈ ಮೂರೂ ಒಂದೇ ಫಾರಂನ ಒಂದೇ ಪ್ರಶ್ನೆಯೊಳಗೆ ಬಂದು ಕೂತಿರುತ್ತವೆ. ವೀಸಾಗೆ ತುಂಬುವ ಡಿಎಸ್-160 ಫಾರಂ ನೆನಪಿದೆಯಲ್ಲ? ಕೊನೆಯಲ್ಲಿ ನೀವು ಭಯೋತ್ಪಾದಕರಾ, ನರಮೇಧದಲ್ಲಿ ಪಾಲ್ಗೊಂಡಿದ್ದಿರಾ ಅಂತೆಲ್ಲಾ ಕೇಳ್ತಾರಲ್ಲ, ನಾವೆಲ್ಲಾ ನಗುತ್ತಾ ಒಂದೇ ಸಮನೆ 'ನೋ, ನೋ, ನೋ' ಒತ್ತುತ್ತೀವಲ್ಲ, ಅದರಲ್ಲೇ ಒಂದು ಇದೆ. ನಿಯಂತ್ರಿತ ಮಾದಕ ವಸ್ತುಗಳಿಗೆ ಸಂಬಂಧಿಸಿದ ಯಾವುದಾದರೂ ಕಾನೂನನ್ನು ನೀವು ಎಂದಾದರೂ ಉಲ್ಲಂಘಿಸಿದ್ದೀರಾ ಅಂತ. ಸಿಕ್ಕಿಬಿದ್ದಿದ್ದೀರಾ ಅಂತಲ್ಲ. ಶಿಕ್ಷೆ ಆಗಿದೆಯಾ ಅಂತಲೂ ಅಲ್ಲ. ಉಲ್ಲಂಘಿಸಿದ್ದೀರಾ ಅಂತ.

ಇದರೊಳಗಿನ ಸಿಕ್ಕು ಹೀಗಿದೆ. ಕೊಲರಾಡೋ ರಾಜ್ಯ ಗಾಂಜಾಕ್ಕೆ ಅನುಮತಿ ಕೊಟ್ಟಿರಬಹುದು. ಆದರೆ ಫೆಡರಲ್ ಸರ್ಕಾರ, ಅಂದರೆ ನಮ್ಮಲ್ಲಿ ಕೇಂದ್ರ ಸರ್ಕಾರ ಅಂತೀವಲ್ಲ ಅದು, 1970ರಲ್ಲಿ ಮಾಡಿದ ಕಾನೂನಿನಲ್ಲಿ ಗಾಂಜಾವನ್ನು ಹೆರಾಯಿನ್ ಜೊತೆಗೆ ಮೊದಲನೇ ಪಟ್ಟಿಯಲ್ಲಿ ಕೂರಿಸಿತು. ಆ ಕಾನೂನನ್ನು ಯಾರೂ ಕಿತ್ತುಹಾಕಿಲ್ಲ. ನಾಗರಿಕರ ವಿಷಯದಲ್ಲಿ ಕೇಂದ್ರ ಕಣ್ಣುಮುಚ್ಚಿ ಕೂತಿದೆ. ವಲಸೆ ಪೂರ್ತಿಯಾಗಿ ಕೇಂದ್ರದ ಖಾತೆ, ಅಲ್ಲಿ ಕಣ್ಣು ತೆರೆದೇ ಇದೆ. ಹಾಗಾಗಿ ನನ್ನ ಪಕ್ಕದ ಮನೆಯ ಅಮೆರಿಕನ್ನನಿಗೆ ಶನಿವಾರದ ಶಾಪಿಂಗ್ ಆಗಿರೋದು ನನಗೆ ದೇಶ ಬಿಡಿಸುವ ಅಪರಾಧ.

ನಾನು ಕೋಡ್ ಬರೆದು ಬದುಕುವವನು. ಒಂದೇ ಇನ್‌ಪುಟ್ ಕೊಟ್ಟರೆ ಒಂದೇ ಔಟ್‌ಪುಟ್ ಬರಬೇಕು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ಈ ಕಾನೂನನ್ನು ಓದುತ್ತಾ ಹೋದಾಗ ನನಗೆ ಇದನ್ನು ಬರೆದವನ ಕೋಡ್ ರಿವ್ಯೂ ಯಾರು ಮಾಡಿದರೋ ಅನ್ನಿಸಿತು. ಇದರಲ್ಲಿ ಎರಡು ಬಾಗಿಲಿವೆ. ದೇಶದೊಳಗೆ ಇರುವವನನ್ನು ಹೊರಗೆ ಕಳಿಸೋದಕ್ಕೆ ಒಂದು ನಿಯಮ, ಹೊರಗಿನಿಂದ ಒಳಗೆ ಬರುವವನನ್ನು ತಡೆಯೋದಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ಸ್ವಂತಕ್ಕೆ ಇಟ್ಟುಕೊಂಡ 30 ಗ್ರಾಂ ಒಳಗಿನ ಗಾಂಜಾ, ಅದೂ ಒಂದೇ ಒಂದು ಸಲ ಆದರೆ, ಅದಕ್ಕೆಂದು ಗಡೀಪಾರು ಮಾಡುವ ಹಾಗಿಲ್ಲ. ಎರಡನೆಯದರಲ್ಲಿ ಆ ರಿಯಾಯಿತಿ ಇಲ್ಲ. ಒಂದು ಗ್ರಾಂ ಆದರೂ ಆಯಿತು. ಅಲ್ಲಿ ಕೋರ್ಟಿನಲ್ಲಿ ಶಿಕ್ಷೆ ಆಗಿರಬೇಕು ಅಂತಲೂ ಇಲ್ಲ, ಅಪರಾಧದ ಮುಖ್ಯ ಅಂಶಗಳನ್ನು ಅಧಿಕಾರಿಯ ಮುಂದೆ ನೀವೇ ಒಪ್ಪಿಕೊಂಡರೆ ಸಾಕು.

ಇದರ ಪರಿಣಾಮ ಯೋಚಿಸಿ. ಗ್ರೀನ್ ಕಾರ್ಡ್ ಇರುವ ಒಬ್ಬರಿಗೆ ಎಂದೋ ಒಂದು ಸಣ್ಣ ಕೇಸ್ ಆಗಿ ದಂಡ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಅವರು ಇಲ್ಲೇ ಸುಮ್ಮನೆ ಇದ್ದರೆ ಬಚಾವ್. ಊರಿನಲ್ಲಿ ಅಮ್ಮನಿಗೆ ಆಪರೇಷನ್ ಅಂತ ಹತ್ತು ದಿನ ಹೋಗಿ ವಾಪಸ್ ಬಂದರೆ, ವಿಮಾನ ನಿಲ್ದಾಣದಲ್ಲಿ ಅವರು 'ಹೊಸದಾಗಿ ಒಳಗೆ ಬರುತ್ತಿರುವವರು' ಆಗಿಬಿಡುತ್ತಾರೆ. ಎರಡನೇ ಬಾಗಿಲಿನ ನಿಯಮ ತಗುಲಿಕೊಳ್ಳುತ್ತದೆ. ಅದೇ ಮನುಷ್ಯ, ಅದೇ ಹಳೇ ಕೇಸು. ಅಮ್ಮನನ್ನು ನೋಡಲು ಹೋಗಿದ್ದೊಂದೇ ಹೊಸದು.

ನಾಗರಿಕರಾದ ಗೆಳೆಯರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ. ನಮ್ಮ ಆಫೀಸಿನಲ್ಲಿ ಒಬ್ಬಾಕೆ ತುಂಬಾ ಒಳ್ಳೆಯ ಮನಸ್ಸಿನವಳು, ಶುಕ್ರವಾರ ಸಂಜೆ ಗಾಂಜಾ ಗಮ್ಮಿಯ ಡಬ್ಬಿ ಎಲ್ಲರ ಮುಂದೆ ಹಿಡಿದಳು. ನೋಡೋಕೆ ನಮ್ಮ ಜೆಲ್ಲಿ ಮಿಠಾಯಿ ಥರ. ನಾನು ಬೇಡ ಅಂದೆ. "ಓ, ಧಾರ್ಮಿಕ ಕಾರಣವಾ?" ಅಂತ ಬಹಳ ಗೌರವದಿಂದ ಕೇಳಿದಳು. ಇಲ್ಲಮ್ಮಾ, ವೀಸಾ ಕಾರಣ ಅಂದೆ. ಎಲ್ಲರೂ ನಕ್ಕರು, ಜೋಕ್ ಅಂದುಕೊಂಡರು.

ಎರಡು ವರ್ಷದ ಹಿಂದೆ ನನಗೊಂದು ಕೆಲಸದ ಕರೆಯೂ ಬಂದಿತ್ತು. ಗಾಂಜಾ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ. ಇಲ್ಲಿನ ನಿಯಮದ ಪ್ರಕಾರ ಬೆಳೆಯುವ ಪ್ರತಿ ಗಿಡಕ್ಕೂ ಒಂದು ಪಟ್ಟಿ ಕಟ್ಟಿ, ಬೀಜದಿಂದ ಗಲ್ಲಾಪೆಟ್ಟಿಗೆವರೆಗೂ ಲೆಕ್ಕ ಇಡಬೇಕು. ಡೇಟಾ ಎಂಜಿನಿಯರ್‌ಗೆ ಹಬ್ಬದೂಟದಂಥ ಕೆಲಸ. ಸಂಬಳವೂ ಚೆನ್ನಾಗಿತ್ತು. ಪರಿಚಯದ ಒಬ್ಬ ವಲಸೆ ಲಾಯರನ್ನು ಕೇಳಿದೆ. "ಸರ್, ನಾನು ಗಿಡ ಮುಟ್ಟೋದಿಲ್ಲ, ಕೋಡ್ ಬರೀತೀನಿ ಅಷ್ಟೇ. ಅದೂ ತಪ್ಪಾಗುತ್ತಾ?" ಅವರು ನಕ್ಕು, "ತಪ್ಪೋ ಅಲ್ಲವೋ ಅನ್ನೋದನ್ನ ಕೋರ್ಟಿನಲ್ಲಿ ತೀರ್ಮಾನ ಮಾಡಿಸೋಕೆ ನೀನು ತಯಾರಿದ್ದೀಯಾ?" ಅಂದರು. ನಾನು ತಯಾರಿರಲಿಲ್ಲ. ಆ ಕೆಲಸ ಬಿಟ್ಟೆ.

ಲಾಯರು ಸುಮ್ಮನೆ ಹೆದರಿಸಿದ್ದಲ್ಲ. 2019ರ ಏಪ್ರಿಲ್‌ನಲ್ಲಿ ಇಲ್ಲಿನ ಪೌರತ್ವ ಮತ್ತು ವಲಸೆ ಇಲಾಖೆ ಒಂದು ಸೂಚನೆ ಹೊರಡಿಸಿತು. ರಾಜ್ಯದ ಕಾನೂನಿಗೆ ಬದ್ಧವಾಗಿಯೇ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದರೂ, ಪೌರತ್ವಕ್ಕೆ ಬೇಕಾದ 'ಒಳ್ಳೆಯ ನಡತೆ' ಇಲ್ಲ ಅಂತ ಅರ್ಜಿ ತಿರಸ್ಕರಿಸಬಹುದು ಎಂದು ಅದರ ಸಾರಾಂಶ. ಅದೇ ಸಮಯಕ್ಕೆ ನಮ್ಮ ಡೆನ್ವರ್‌ನಲ್ಲೇ ಇಬ್ಬರು ಸಿಕ್ಕಿಬಿದ್ದರು. ಒಬ್ಬರು ಲಿಥುವೇನಿಯಾದವರು, ಇನ್ನೊಬ್ಬರು ಎಲ್ ಸಾಲ್ವಡೋರ್‌ನವರು. ಇಬ್ಬರೂ ಸಕ್ರಮವಾಗಿ ಬಂದವರು, ಗಾಂಜಾ ಉದ್ಯಮದಲ್ಲಿ ರಾಜಾರೋಷವಾಗಿ ಕೆಲಸ ಮಾಡಿದವರು. ಆಗಿನ ಮೇಯರ್ ಮೈಕೆಲ್ ಹ್ಯಾನ್‌ಕಾಕ್ ಅವರನ್ನು ಭೇಟಿಯಾಗಿ, ಫೆಡರಲ್ ಅಟಾರ್ನಿ ಜನರಲ್‌ಗೆ ಪತ್ರವನ್ನೂ ಬರೆದರು. ನಗರಕ್ಕೆ ತೆರಿಗೆ ತಂದುಕೊಡುವ ಉದ್ಯೋಗ, ಲೈಸೆನ್ಸ್ ಕೊಟ್ಟಿದ್ದು ಸರ್ಕಾರವೇ, ಆದರೆ ನಡತೆ ಕೆಟ್ಟಿದ್ದು ಮಾತ್ರ ಕೆಲಸಗಾರನದು!

ಯಾಕೆ ಹೀಗೆ ಅಂತ ಹಳೆಯದನ್ನು ಕೆದಕಲು ಹೋದಾಗ ಸಿಕ್ಕಿದ ಒಂದು ಸಂಗತಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿಬಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ನಿಷೇಧದ ಮಾತು ಶುರುವಾಗಿದ್ದು ಯಾರಿಂದ ಗೊತ್ತಾ? ನಮ್ಮವರಿಂದ! 1911ರಲ್ಲಿ ಆ ರಾಜ್ಯದ ಔಷಧ ಮಂಡಳಿಯ ಸದಸ್ಯ ಹೆನ್ರಿ ಫಿಂಗರ್ ಎಂಬಾತ ವಾಷಿಂಗ್ಟನ್ನಿಗೆ ಒಂದು ಪತ್ರ ಬರೆದ. ಕ್ಯಾಲಿಫೋರ್ನಿಯಾಕ್ಕೆ 'ಹಿಂದೂ'ಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದಾರೆ, ಅವರಿಂದಾಗಿ ಗಾಂಜಾಕ್ಕೆ ಬೇಡಿಕೆ ಹುಟ್ಟಿಕೊಂಡಿದೆ, ಇದು ಬಿಳಿಯರಿಗೂ ಹಬ್ಬುವ ಮೊದಲು ಏನಾದರೂ ಮಾಡಬೇಕು ಅಂತ. ಆಗ ಹಿಂದುಸ್ತಾನದಿಂದ ಬಂದವರನ್ನೆಲ್ಲಾ ಹಿಂದೂಗಳು ಅಂತಿದ್ದರು. ಅಸಲಿಗೆ ಬಹುಪಾಲು ಪಂಜಾಬಿನ ಸಿಖ್ಖರು, ಮರ ಕೊಯ್ಯುವ ಮಿಲ್ಲುಗಳಲ್ಲಿ, ಹೊಲಗಳಲ್ಲಿ ದುಡಿಯುತ್ತಿದ್ದ ಬಡಪಾಯಿಗಳು. ಇಡೀ ರಾಜ್ಯದಲ್ಲಿ ಕೆಲವೇ ಸಾವಿರ ಜನ. 1913ರಲ್ಲಿ ಕ್ಯಾಲಿಫೋರ್ನಿಯಾ ಗಾಂಜಾವನ್ನು ನಿಷೇಧಿಸಿತು. 1917ರಲ್ಲಿ ಅಮೆರಿಕ ಏಷ್ಯಾದ ಬಹುಭಾಗವನ್ನೇ ವಲಸೆಗೆ ನಿಷೇಧಿತ ಪ್ರದೇಶ ಅಂತ ಘೋಷಿಸಿ ಭಾರತೀಯರಿಗೆ ಬಾಗಿಲು ಹಾಕಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ನಾಗರಿಕರಾಗುವಂತಿಲ್ಲ ಅಂದಿತು.

ಮೊದಲು ಗಿಡ, ನಾಲ್ಕು ವರ್ಷದ ಮೇಲೆ ಮನುಷ್ಯ. ಒಂದು ಇನ್ನೊಂದಕ್ಕೆ ನೇರ ಕಾರಣ ಅಂತ ನಾನು ಹೇಳ್ತಿಲ್ಲ. ಭಾರತೀಯರನ್ನು, ಚೀನೀಯರನ್ನು ಹೊರಗಿಡಬೇಕೆಂಬ ಚಳವಳಿಗೆ ಕೂಲಿ, ಜನಾಂಗ ಹೀಗೆ ನೂರು ಕಾರಣಗಳಿದ್ದವು. ಆದರೆ 'ಇವರು ಬರ್ತಾರೆ, ಜೊತೆಗೆ ಅದನ್ನೂ ತರ್ತಾರೆ' ಅನ್ನುವ ವಾಕ್ಯ ಆಗಲೇ ತಯಾರಾಗಿತ್ತು. ಆಮೇಲೆ ಅದರಲ್ಲಿ ಹೆಸರಷ್ಟೇ ಬದಲಾಗುತ್ತಾ ಬಂತು.

ಮುಂದಿನ ಸರದಿ ಮೆಕ್ಸಿಕನ್ನರದು. 1910ರಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿಯಾಗಿ ಜನ ಉತ್ತರಕ್ಕೆ ಓಡಿ ಬಂದರು. ಅಮೆರಿಕದ ಔಷಧಿ ಅಂಗಡಿಗಳಲ್ಲಿ 'ಕ್ಯಾನಬಿಸ್' ಎಂಬ ಹೆಸರಿನಲ್ಲಿ ಆ ಮೊದಲೇ ಟಿಂಕ್ಚರ್ ಆಗಿ ಸಿಗುತ್ತಿದ್ದ ವಸ್ತು, ಮೆಕ್ಸಿಕನ್ ಬಾಯಲ್ಲಿ 'ಮರಿವಾನಾ' ಆಗಿ ಬಂದಾಗ ಭಯಾನಕವಾಯಿತು. ಮಾದಕ ವಸ್ತು ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್ ಅದನ್ನೇ ಊರೆಲ್ಲಾ ಹೇಳಿಕೊಂಡು ಬಂದು 1937ರಲ್ಲಿ ಮರಿವಾನಾ ತೆರಿಗೆ ಕಾಯ್ದೆ ಮಾಡಿಸಿದ. ಕಾಯ್ದೆಯ ಹೆಸರಲ್ಲೇ ಆ ಸ್ಪ್ಯಾನಿಷ್ ಪದ ಇದೆ. ಇದೆಲ್ಲಾ ಬರೀ ಜನಾಂಗ ದ್ವೇಷ ಅಂತ ಹೇಳಿ ಕೈತೊಳೆದುಕೊಳ್ಳೋಕೂ ಆಗಲ್ಲ ಅನ್ನಿ. ಸ್ವತಃ ಮೆಕ್ಸಿಕೋ 1920ರಲ್ಲೇ, ಅಮೆರಿಕಕ್ಕಿಂತ ಮೊದಲೇ, ಗಾಂಜಾವನ್ನು ನಿಷೇಧಿಸಿತ್ತು. ಅಲ್ಲಿನ ಮೇಲ್ವರ್ಗದವರಿಗೂ ಅದು ಕೀಳುಜನರ ಚಟ ಅಂತಲೇ ಅನ್ನಿಸುತ್ತಿತ್ತು. ನಮ್ಮೂರಿನಲ್ಲೂ ಅಷ್ಟೇ ತಾನೇ? ಸಾಧು ಸೇದಿದರೆ ಒಂದು ಮಾತು, ಕೂಲಿಯವನು ಸೇದಿದರೆ ಇನ್ನೊಂದು ಮಾತು. 1985ರ ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಂಗಿ ಸೊಪ್ಪಿಗೆ, ಅಂದರೆ ಹೂವಿನ ತುದಿ ಸೇರದ ಬರೀ ಎಲೆಗೆ, ವಿನಾಯಿತಿ ಇಟ್ಟಿದ್ದೂ ಯಾರು, ಯಾವಾಗ ಕುಡಿಯುತ್ತಾರೆ ಅನ್ನೋದನ್ನು ನೋಡಿಕೊಂಡೇ ಇರಬೇಕು ಅಂತ ನನ್ನ ಅನುಮಾನ.

ಗಡಿಯ ವಿಷಯಕ್ಕೆ ಬರೋಣ. ಮೆಕ್ಸಿಕೋ ಗಡಿಯಲ್ಲಿ ಗಾಂಜಾ ಹೆಸರಲ್ಲಿ ನಡೆದ ದೊಡ್ಡ ನಾಟಕ 1969ರ ಸೆಪ್ಟೆಂಬರ್‌ನದು. ನಿಕ್ಸನ್ ಸರ್ಕಾರ 'ಆಪರೇಷನ್ ಇಂಟರ್‌ಸೆಪ್ಟ್' ಅಂತ ಶುರು ಮಾಡಿ, ಗಡಿ ದಾಟುವ ಹೆಚ್ಚುಕಡಿಮೆ ಪ್ರತಿಯೊಂದು ಗಾಡಿಯನ್ನೂ ನಿಲ್ಲಿಸಿ ತಪಾಸಣೆ ಮಾಡಿತು. ಗಂಟೆಗಟ್ಟಲೆ ಸಾಲು, ಗಡಿ ಊರುಗಳ ವ್ಯಾಪಾರ ಬಂದ್, ಮೆಕ್ಸಿಕೋಗೆ ಕೆಂಡದಂಥ ಸಿಟ್ಟು. ಸಿಕ್ಕ ಗಾಂಜಾ ಮಾತ್ರ ಅಷ್ಟಕ್ಕಷ್ಟೇ. ಸುಮಾರು 20 ದಿನಕ್ಕೆ ನಿಲ್ಲಿಸಬೇಕಾಯಿತು. ಆಮೇಲೆ ಇದೇ ನಿಕ್ಸನ್ ಸರ್ಕಾರ ನೇಮಿಸಿದ ಶೇಫರ್ ಆಯೋಗ 1972ರಲ್ಲಿ, ಸ್ವಂತಕ್ಕೆ ಸ್ವಲ್ಪ ಇಟ್ಟುಕೊಳ್ಳೋದನ್ನು ಅಪರಾಧ ಅಂತ ಪರಿಗಣಿಸಬೇಡಿ ಎಂದು ವರದಿ ಕೊಟ್ಟಿತು. ನಿಕ್ಸನ್ ಅದನ್ನು ಮೂಲೆಗೆ ಎಸೆದರು.

ಅದೇ 1972ರಲ್ಲಿ ಅವರ ಸರ್ಕಾರ ಜಾನ್ ಲೆನನ್ನನ್ನು ಗಡೀಪಾರು ಮಾಡಲು ಹೊರಟಿತ್ತು ಅನ್ನೋದನ್ನು ಎಷ್ಟು ಜನ ಬಲ್ಲಿರೋ. ಹೌದು, ಬೀಟಲ್ಸ್‌ನ ಲೆನನ್. 1968ರಲ್ಲಿ ಲಂಡನ್ನಿನ ಮನೆಯಲ್ಲಿ ಗಾಂಜಾ ರಾಳ ಸಿಕ್ಕು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ. ಅದನ್ನೇ ಹಿಡಿದುಕೊಂಡರು. ನಿಜವಾದ ಕಾರಣ ವಿಯೆಟ್ನಾಂ ಯುದ್ಧದ ವಿರುದ್ಧ ಅವನು ಯುವಕರನ್ನು ಎತ್ತಿಕಟ್ಟುತ್ತಾನೆ ಅನ್ನುವ ಭಯ. ಲೆನನ್‌ಗೆ ದುಡ್ಡಿತ್ತು, ಒಳ್ಳೇ ಲಾಯರಿದ್ದ, ಜಗತ್ತಿನ ಕಣ್ಣು ಅವನ ಮೇಲಿತ್ತು. 1975ರಲ್ಲಿ ಕೋರ್ಟು ಅವನ ಪರ ತೀರ್ಪು ಕೊಟ್ಟು, 1976ರ ಜುಲೈನಲ್ಲಿ ಗ್ರೀನ್ ಕಾರ್ಡ್ ಸಿಕ್ಕಿತು. ಲೆನನ್‌ಗೇ ನಾಲ್ಕು ವರ್ಷ! ಜಮೈಕಾದಿಂದ ಮೂರು ವರ್ಷದ ಮಗುವಾಗಿದ್ದಾಗ ಬಂದು ಇಲ್ಲೇ ಬೆಳೆದ ಇನ್ನೊಬ್ಬನ ಕಥೆ ಕೇಳಿ. ಕಾರಿನಲ್ಲಿ 1.3 ಗ್ರಾಂ ಸಿಕ್ಕಿತ್ತು, ಎರಡು ಮೂರು ಬೀಡಿಯಷ್ಟು. ಅದನ್ನು ಹಂಚುವ ಉದ್ದೇಶ ಇತ್ತು ಅಂತ ಕೇಸಾಗಿ, ಸರ್ಕಾರ ಅವನನ್ನು ಘೋರ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಸೇರಿದರೆ ಗಡೀಪಾರಿನಿಂದ ವಿನಾಯಿತಿ ಕೇಳುವ ದಾರಿಯೂ ಬಹುತೇಕ ಮುಚ್ಚಿಹೋಗುತ್ತೆ. 2013ರಲ್ಲಿ ಸುಪ್ರೀಂ ಕೋರ್ಟು 7-2 ಬಹುಮತದಿಂದ ಅದು ತಪ್ಪು ಅಂದಿತು. ಎರಡು ಬೀಡಿಯಷ್ಟು ಗಾಂಜಾ ಘೋರ ಅಪರಾಧವೇ ಅಲ್ಲವೇ ಅಂತ ತೀರ್ಮಾನಿಸೋಕೆ ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತು ನೋಡಿ.

'ಗಡಿ ಬಿಗಿ ಮಾಡಿ, ಇಲ್ಲದಿದ್ದರೆ ಡ್ರಗ್ಸ್ ಬರುತ್ತೆ' ಅನ್ನುವ ವಾದದಲ್ಲಿ ಪೂರ್ತಿ ಹುರುಳಿಲ್ಲ ಅಂತಲ್ಲ. ಫೆಂಟನಿಲ್ ಸಾವಿರಾರು ಜನರನ್ನು ಕೊಂದಿದೆ, ಅದು ಬರುತ್ತಿರೋದೂ ಹೆಚ್ಚಾಗಿ ಮೆಕ್ಸಿಕೋ ಕಡೆಯಿಂದಲೇ. ಆದರೆ ಅದರಲ್ಲಿ ಹೆಚ್ಚಿನ ಪಾಲು ಸಿಕ್ಕಿಬೀಳೋದು ಅಧಿಕೃತ ಗೇಟುಗಳಲ್ಲಿ, ಕಾರು ಲಾರಿಗಳಲ್ಲಿ. ಶಿಕ್ಷೆಯಾದ ಸಾಗಣೆದಾರರಲ್ಲಿ ಬಹುಪಾಲು ಅಮೆರಿಕದ ನಾಗರಿಕರೇ. ಮರುಭೂಮಿಯಲ್ಲಿ ಮಗುವನ್ನೆತ್ತಿಕೊಂಡು ನಡೆದು ಬರುವ ತಾಯಿಯ ಮೇಲೆ ಅದನ್ನು ಹೊರಿಸುವುದು ಲೆಕ್ಕಕ್ಕೆ ಸರಿಹೊಂದಲ್ಲ. ಇನ್ನು ಗಾಂಜಾ? ಗಡಿ ಪಡೆಯವರು ಹಿಡಿಯುತ್ತಿದ್ದ ಮೆಕ್ಸಿಕೋ ಗಾಂಜಾ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದಿಷ್ಟು ಪಾಲಿಗೆ ಇಳಿದುಹೋಗಿದೆ. ಇಲ್ಲೇ ಒಳ್ಳೇ ಮಾಲು ಬಿಲ್ಲು ಸಮೇತ ಸಿಗುವಾಗ ಸುರಂಗ ಕೊರೆದು ತರೋ ಅಗತ್ಯ ಯಾರಿಗಿದೆ? ಗೋಡೆ ಮಾಡಲಾರದ್ದನ್ನು ಅಂಗಡಿ ಮಾಡಿತು ಅಂತ ನನ್ನ ಅನಿಸಿಕೆ.

ಹಾಗಂತ ಗಡಿ ಪಡೆಯವರಿಗೂ ಗಾಂಜಾಕ್ಕೂ ಋಣ ಹರಿದಿಲ್ಲ. ನ್ಯೂ ಮೆಕ್ಸಿಕೋದಲ್ಲಿ 2022ರ ಏಪ್ರಿಲ್‌ನಿಂದ ಗಾಂಜಾ ಮಾರಾಟ ಸಕ್ರಮ. ಅಲ್ಲಿ ಗಡಿಯಿಂದ ಎಷ್ಟೋ ಮೈಲಿ ಒಳಗೆ, ಲಾಸ್ ಕ್ರೂಸಸ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೇಂದ್ರದ ಗಡಿ ಪಡೆಯ ಚೆಕ್‌ಪೋಸ್ಟ್ ಇದೆ. 2024ರಲ್ಲಿ ಅಂಥ ಚೆಕ್‌ಪೋಸ್ಟ್‌ಗಳಲ್ಲಿ ರಾಜ್ಯದ ಲೈಸೆನ್ಸ್ ಇದ್ದ ಕಂಪನಿಗಳ ಮಾಲನ್ನೇ ಜಪ್ತಿ ಮಾಡತೊಡಗಿದರು. ರಾಜ್ಯ ಸರ್ಕಾರಕ್ಕೆ ಮುಖಭಂಗ, ಕಂಪನಿಗಳಿಗೆ ನಷ್ಟ. ಗಾಡಿ ಓಡಿಸುತ್ತಿದ್ದವನು ನಾಗರಿಕನಾಗಿದ್ದರೆ ಮಾಲು ಬಿಟ್ಟು ಮನೆಗೆ ಹೋಗಬಹುದು. ಅವನ ಜಾಗದಲ್ಲಿ ನನ್ನಂಥವನಿದ್ದರೆ?

ಈಗ ರಾಜಕೀಯ. ನನಗೆ ಹೆಚ್ಚು ಬೇಸರ ತರಿಸೋದು 'ನಮ್ಮ ಪರ' ಅಂತ ಹೇಳಿಕೊಳ್ಳುವವರೇ. 2022ರ ಅಕ್ಟೋಬರ್‌ನಲ್ಲಿ ಬೈಡನ್, ಸ್ವಂತಕ್ಕೆ ಗಾಂಜಾ ಇಟ್ಟುಕೊಂಡ ಫೆಡರಲ್ ಕೇಸುಗಳಿಗೆಲ್ಲಾ ಸಾಮೂಹಿಕ ಕ್ಷಮಾದಾನ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ಘೋಷಣೆ ಓದಿದರೆ ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. 2023ರ ಡಿಸೆಂಬರ್‌ನಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದಾಗಲೂ ಅದೇ ಗೆರೆ. ವೀಸಾ ಮೇಲಿರುವವರು, ದಾಖಲೆ ಇಲ್ಲದವರು ಹೊರಗೆ. ಯಾರಿಗೆ ಈ ಕೇಸಿನಿಂದ ಅತಿ ಹೆಚ್ಚು ನಷ್ಟವೋ ಅವರನ್ನೇ ಬಿಟ್ಟು ಕ್ಷಮಿಸಿದ್ದು. ನ್ಯಾಯವಾಗಿ ಹೇಳಬೇಕೆಂದರೆ, 2020ರ ಡಿಸೆಂಬರ್‌ನಲ್ಲಿ ಒಮ್ಮೆ, 2022ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಕೆಳಮನೆಯಲ್ಲಿ ಪಾಸಾದ 'ಮೋರ್' ಮಸೂದೆಯಲ್ಲಿ, ಗಾಂಜಾ ಕಾರಣಕ್ಕೆ ವಲಸಿಗರಿಗೆ ತೊಂದರೆ ಕೊಡಬಾರದು ಅನ್ನುವ ಅಂಶ ಇತ್ತು. ಎರಡು ಸಲವೂ ಸೆನೆಟ್ ದಾಟಲಿಲ್ಲ.

ಟ್ರಂಪ್ ಕಡೆ ನೋಡಿದರೆ ಇನ್ನೂ ಮಜಾ. 2024ರಲ್ಲಿ ಫ್ಲೋರಿಡಾದ ಗಾಂಜಾ ಮತದಾನದಲ್ಲಿ ತಾನು 'ಯೆಸ್' ಹಾಕುತ್ತೇನೆ ಅಂದವರು ಅವರು. (ಶೇಕಡಾ 60 ಬೇಕಿತ್ತು, 56ರ ಹತ್ತಿರ ಬಂದು ಸೋತಿತು.) 2025ರ ಡಿಸೆಂಬರ್‌ನಲ್ಲಿ, ಗಾಂಜಾವನ್ನು ಮೊದಲನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸುವ ಕೆಲಸ ಬೇಗ ಮುಗಿಸಿ ಅಂತ ಆದೇಶಕ್ಕೆ ಸಹಿ ಹಾಕಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಅವರದೇ ಸರ್ಕಾರ 104 ಭಾರತೀಯರಿಗೆ ಕೋಳ ಹಾಕಿ, ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿತ್ತು. ಗಿಡದ ಮೇಲೆ ಮೆದು, ಮನುಷ್ಯನ ಮೇಲೆ ಬಿಗಿ. ಮೂರನೇ ಪಟ್ಟಿಗೆ ಇಳಿದರೆ ನಮಗೇನಾದರೂ ಲಾಭವಾ ಅಂತ ಲಾಯರನ್ನು ಮತ್ತೆ ಕೇಳಿದೆ. ಪಟ್ಟಿ ಒಂದಿರಲಿ ಮೂರಿರಲಿ, ಅದು ನಿಯಂತ್ರಿತ ವಸ್ತುವೇ, ವಲಸೆ ಕಾನೂನು ಪಟ್ಟಿಯ ನಂಬರ್ ನೋಡಲ್ಲ ಅಂದರು.

ಇದನ್ನೆಲ್ಲಾ ನಮ್ಮ ಕನ್ನಡ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದರೆ ಬರುವ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. "ಮಗಾ, ನಾವು ಲೀಗಲ್ ಆಗಿ ಬಂದೋರು. ಕ್ಯೂನಲ್ಲಿ ನಿಂತು ಬಂದಿದೀವಿ. ಗಡಿ ಹಾರಿ ಬಂದೋರಿಗೂ ನಮಗೂ ಏನು ಸಂಬಂಧ? ನೀನು ಸೇದಬೇಡ, ಮುಗೀತಲ್ಲ." ಕ್ಯೂನಲ್ಲಿ ನಿಲ್ಲದೆ ಬರುವುದು ತಪ್ಪೇ, ಆ ಮಾತು ಒಪ್ಪಿದೆ. ಆದರೆ ಗಡಿ ಹಾರುವವರು ಬೇರೆ ಯಾರೋ ಅನ್ನೋದು ನಮ್ಮ ಭ್ರಮೆ. 2023ರ ಹಣಕಾಸು ವರ್ಷದಲ್ಲಿ ಅಮೆರಿಕದ ಗಡಿಗಳಲ್ಲಿ ಸಿಕ್ಕ ಭಾರತೀಯರು ಹತ್ತಿರ ಹತ್ತಿರ 97 ಸಾವಿರ. 2022ರ ಜನವರಿಯಲ್ಲಿ ಕೆನಡಾ ಗಡಿಯ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತಿದ್ದು ಗುಜರಾತಿನ ಡಿಂಗುಚಾ ಗ್ರಾಮದ ಒಂದೇ ಮನೆಯ ನಾಲ್ವರು, ಅದರಲ್ಲಿ ಇಬ್ಬರು ಮಕ್ಕಳು. ಇನ್ನು ಕ್ಯೂನಲ್ಲಿ ನಿಂತವರ ಗತಿಯನ್ನು 2025ರ ಸೆಪ್ಟೆಂಬರ್ 19ರ ರಾತ್ರಿ ನೋಡಿದೆವಲ್ಲ. ಎಚ್1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾಗಿ, ಅದು ಹೊಸ ಅರ್ಜಿಗೋ ಹಳಬರಿಗೋ ಯಾರಿಗೂ ತಿಳಿಯದೆ, ಊರಿಗೆ ಹೋಗಿದ್ದವರು ಟಿಕೆಟ್ಟಿಗಾಗಿ ಬಡಿದಾಡಿದರು. ಅವತ್ತು ಅದೇ ವಾಟ್ಸ್ಯಾಪ್ ಗುಂಪಿನಲ್ಲಿ 'ಲೀಗಲ್' ಪದ ಯಾರ ಬಾಯಲ್ಲೂ ಬರಲಿಲ್ಲ.

'ನೀನು ಸೇದಬೇಡ, ಮುಗೀತು' ಅನ್ನೋದಕ್ಕೂ ನನ್ನ ಉತ್ತರ ಇದೆ. ನಾನು ಸೇದಲ್ಲ. ಆದರೆ ರಾಜ್ಯ ಸರ್ಕಾರವೇ ಬೋರ್ಡು ಹಾಕಿಸಿ ಮಾರುವಾಗ, 22 ವರ್ಷದ ಹುಡುಗನಿಗೆ ಇದರೊಳಗೆ ಜೀವಮಾನದ ಬಲೆ ಇದೆ ಅಂತ ಎಲ್ಲೂ ಬರೆದಿಲ್ಲ. ಸಿಗರೇಟ್ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕ್ತಾರೆ. ಇಲ್ಲಿನ ಗಾಂಜಾ ಡಬ್ಬಿಗಳ ಮೇಲೂ ಮಕ್ಕಳ ಕೈಗೆ ಕೊಡಬೇಡಿ ಅಂತ ಇರುತ್ತೆ. ನಾಗರಿಕರಲ್ಲದವರು ಮುಟ್ಟಿದರೆ ದೇಶ ಬಿಡಬೇಕಾದೀತು ಅಂತ ಒಂದು ಸಾಲು ಹಾಕಲು ಏನು ಕಷ್ಟ? ನಾನು ಕೇಳೋದು ದೊಡ್ಡದೇನಲ್ಲ. ಯಾವ ರಾಜ್ಯದಲ್ಲಿ ಯಾವುದು ಸಕ್ರಮವೋ ಅದನ್ನು ಅಲ್ಲೇ ಮಾಡಿದವನನ್ನು ವಲಸೆ ಕಾನೂನು ಅಪರಾಧಿ ಅನ್ನಬಾರದು. ಅದಾಗೋವರೆಗೆ ಕನಿಷ್ಠ ಆ 30 ಗ್ರಾಂ ರಿಯಾಯಿತಿಯನ್ನು ಎರಡೂ ಬಾಗಿಲಿಗೆ ಹಾಕಲಿ. ಗಾಂಜಾ ಪೂರ್ತಿ ಕೆಟ್ಟದ್ದು ಅಂತ ನಂಬುವವರೂ ಒಪ್ಪಬಹುದಾದ ಮಾತಿದು. ಕೆಟ್ಟದ್ದಾದರೆ ಎಲ್ಲರಿಗೂ ಒಂದೇ ದಂಡ ಹಾಕಲಿ, ಬೇಡ ಅಂದೋರ್ಯಾರು?

ಈ ಆಗಸ್ಟಿಗೆ ನನ್ನ ಚಿಕ್ಕಪ್ಪನ ಮಗ ಎಂ.ಎಸ್. ಮಾಡಲು ಬೌಲ್ಡರ್‌ಗೆ ಬರ್ತಿದ್ದಾನೆ. ಮೊನ್ನೆ ಚಿಕ್ಕಪ್ಪ ತಿಪಟೂರಿನಿಂದ ಫೋನ್ ಮಾಡಿ, "ಅಲ್ಲಿ ಗಾಂಜಾನ ಅಂಗಡೀಲೇ ಮಾರ್ತಾರಂತಲ್ಲೋ, ಸರ್ಕಾರದೋರೇ ಪರ್ಮಿಶನ್ ಕೊಟ್ಟವ್ರಂತೆ, ನಿಜವೇನೋ?" ಅಂತ ಕೇಳಿದರು. ಮಗ ಕೆಟ್ಟುಹೋಗ್ತಾನೆ ಅನ್ನೋದು ಅವರ ಚಿಂತೆ. ಹೌದು ಚಿಕ್ಕಪ್ಪ, ನಿಜ ಅಂದೆ. ಉಳಿದದ್ದನ್ನು ಫೋನಿನಲ್ಲಿ ಹೇಳಿದರೆ ಇನ್ನಷ್ಟು ಗಾಬರಿಯಾಗ್ತಾರೆ ಅಂತ ಹುಡುಗನಿಗೇ ನೇರವಾಗಿ ಬರೆದು ಕಳಿಸಿದ್ದೇನೆ. ದಪ್ಪ ಜಾಕೆಟ್ ಅಲ್ಲಿ ತಗೋಬೇಡ, ಇಲ್ಲೇ ಸಿಗುತ್ತೆ. ಕುಕ್ಕರ್ ಮರೀದೆ ತಾ. ರೂಮ್‌ಮೇಟ್ ಕೊಟ್ಟ ಚಾಕೊಲೇಟು, ಬಿಸ್ಕತ್ತು ಏನೇ ಆಗಲಿ, ಡಬ್ಬಿ ಮೇಲೆ ಬರೆದಿರೋದನ್ನ ಓದದೆ ಬಾಯಿಗೆ ಹಾಕಬೇಡ. ಅಂಗಡಿ ಮುಂದೆ ತಮಾಷೆಗೂ ಫೋಟೋ ತೆಗೆಸಿಕೊಳ್ಳಬೇಡ, ಗಡಿಯಲ್ಲಿ ಫೋನ್ ಬಿಚ್ಚಿ ನೋಡುವ ಅಧಿಕಾರ ಅವರಿಗಿದೆ. ಅಲ್ಲಿ ಪಾರ್ಟ್ ಟೈಂ ಕೆಲಸವಂತೂ ಬೇಡವೇ ಬೇಡ. ಅಧಿಕಾರಿ ಈ ಬಗ್ಗೆ ಏನಾದರೂ ಕೇಳಿದರೆ ಸುಳ್ಳು ಹೇಳಬೇಡ, ಅದು ಇನ್ನೂ ದೊಡ್ಡ ತಪ್ಪು. ಲಾಯರ್ ಜೊತೆ ಮಾತಾಡಬೇಕು ಅನ್ನು. ಇದಕ್ಕೆ ಅವನ ಉತ್ತರ ಬಂದಿದ್ದು ಇಷ್ಟೇ: "ಓಕೆ ಅಣ್ಣ. ಕುಕ್ಕರ್ ಮೂರು ಲೀಟರ್ ಸಾಕಾ, ಐದಾ?"

ಐದು ಅಂತ ಹೇಳಿದ್ದೇನೆ. ಪಟ್ಟಿಗೆ ಇನ್ನೇನಾದರೂ ಸೇರಿಸಬೇಕು ಅನ್ನಿಸಿದರೆ ಕಾಮೆಂಟಿನಲ್ಲಿ ತಿಳಿಸಿ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಇಡೀ ದೇಶಕ್ಕೇ ಗಾಂಜಾ ಸಕ್ರಮ. ಅಲ್ಲಿಂದ ಈ ಕಡೆ ಗಡಿ ದಾಟುವಾಗ ಈ ಪ್ರಶ್ನೆ ಎದುರಿಸಿದ ಕನ್ನಡಿಗರು ಯಾರಾದರೂ ಓದುತ್ತಿದ್ದರೆ, ಅವರ ಅನುಭವ ಕೇಳುವ ಆಸೆಯಿದೆ.